ಕಾರ್ಯದರ್ಶಿಗಳ ನಿದ್ದೆಯ ತನಿಖೆ

ಈ ಸಭೆಯ ಅಧ್ಯಕ್ಷ ಪೀಠವನ್ನು, ಅಂದರೆ ಕೈಯಿರುವ ಒಂದೇ ಒಂದು ಕುರ್ಚಿಯನ್ನು, ಅಲಂಕರಿಸಿರುವ ನೆಲಮಹಡಿಯ ಔಷಧಿ ಅಂಗಡಿಯ ಯಜಮಾನರೇ. ಅವರ ಬಲಗಡೆ ಕಣ್ಣು ಅರೆಮುಚ್ಚಿ ನನ್ನ ಮಾತಿಗೆ ಮಾನಸಿಕವಾಗಿ ಸಿದ್ಧರಾಗುತ್ತಿರುವ, ನಮ್ಮ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಗಳೇ. ಎಡಗಡೆ, ಹೂಗುಚ್ಛವನ್ನು ಎಲ್ಲಿಡುವುದೆಂದು ತೋಚದೆ ತೊಡೆಯ ಮೇಲೆ ಮಲಗಿಸಿಕೊಂಡಿರುವ ಇಂದಿನ ಸನ್ಮಾನಿತೆ, ಮೂರನೇ ಮಹಡಿಯ ಮೇಡಂ ಅವರೇ. ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನಲ್ಲಿ ಬಾಗಿಲ ಹತ್ತಿರವೇ ಜಾಗ ಹಿಡಿದಿರುವ ಜಾಣರೇ, ಸಭಿಕರೇ.

ನಾನು ಕಾಲೇಜಿನಲ್ಲಿದ್ದಾಗ ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು: "ಎ ಗುಡ್ ಸ್ಪೀಚ್ ಮಸ್ಟ್ ಹ್ಯಾವ್ ಎ ಬಿಗಿನಿಂಗ್, ಎ ಮಿಡ್ಲ್ ಅಂಡ್..." ಮೂರನೆಯದು ಏನೋ ಇತ್ತು. ನನಗೆ ಮರೆತಿದೆ. ಆದ್ದರಿಂದ ಅಧ್ಯಕ್ಷರು ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವುದರಲ್ಲಿ ಅರ್ಥವಿದೆ.

ಸನ್ಮಾನಿತರ ಬಗ್ಗೆ ನಾಲ್ಕು ಮಾತು ಹೇಳು ಎಂದಿದ್ದಾರೆ. ಯಾರಿವರು? ಏನು ಇವರ ಕೆಲಸ? ಇವರು ನಮ್ಮ ಕಟ್ಟಡಕ್ಕೆ ಬಾಡಿಗೆಗೆ ಬಂದಾಗ ಲಿಫ್ಟಿನಲ್ಲಿ ನಾನೇ ಕೇಳಿದ್ದೆ. "ಕಂಪ್ಯೂಟರ್ ಅಪರಾಧಗಳ ತನಿಖೆಯ ಲ್ಯಾಬಿನಲ್ಲಿದ್ದೀನಿ ಅಂಕಲ್. ಕಂಪ್ಯೂಟರು, ಫೋನು ಬರುತ್ತೆ. ಒಳಗೆ ಏನಾಗಿದೆ ಅಂತ ನೋಡ್ತೀವಿ" ಎಂದರು. "ಹಾಗಾದರೆ ಪೋಸ್ಟ್‌ಮಾರ್ಟಂ" ಎಂದೆ. "ಹೌದು, ಆದರೆ ವಾಸನೆ ಇರಲ್ಲ" ಎಂದರು. ಅಂದೇ ನನಗೆ ಇವರ ಮೇಲೆ ಗೌರವ ಬಂತು. ಮೂವತ್ತು ವರ್ಷ ಮನೆಮನೆಯ ನೀರಿನ ಮೀಟರು ಓದಿದವನು ನಾನು. ಬಾಗಿಲು ತೆರೆದವರ ಮುಖ ಒಂದು ಹೇಳಿದರೆ ಮೀಟರು ಇನ್ನೊಂದು ಹೇಳುತ್ತದೆ. ಮನುಷ್ಯನನ್ನು ಬಿಟ್ಟು ಯಂತ್ರವನ್ನು ಕೇಳುವವರೆಲ್ಲ ನನ್ನ ಬಳಗ.

ಇನ್ನು ವಿಷಯಕ್ಕೆ ಬರುತ್ತೇನೆ. ಬರದೆ ಹೇಗಿರಲಿ? ವಿಷಯ ನಡೆದದ್ದು ಇದೇ ಹಾಲಿನಲ್ಲಿ, ಇದೇ ಪರದೆಯ ಮೇಲೆ, ಕಳೆದ ವಾರ್ಷಿಕ ಸಭೆಯಲ್ಲಿ. ನೀವೆಲ್ಲ ನೋಡಿದ್ದೀರಿ. ಆದರೂ ಹೊಸದಾಗಿ ಬಂದ ಐದನೇ ಮಹಡಿಯವರಿಗೋಸ್ಕರ ಹೇಳುತ್ತೇನೆ. ಉಳಿದವರು ಇನ್ನೊಮ್ಮೆ ನಗಬಹುದು.

ನಮ್ಮ ಕಾರ್ಯದರ್ಶಿಗಳು ಪ್ರತಿವರ್ಷ ವಾರ್ಷಿಕ ವರದಿ ಓದುತ್ತಾರೆ. ಪರದೆಯ ಮೇಲೆ ಒಂದೊಂದೇ ಪುಟ ಬರುತ್ತದೆ, ಅವರು ಓದುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಓದಿ ಮುಗಿಸಿದ ಮೇಲೆ ಅವರು ತಮ್ಮ ಕುರ್ಚಿಗೆ ಹೋಗಿ, ಉಳಿದವರ ಭಾಷಣಗಳನ್ನು ತಮ್ಮದೇ ರೀತಿಯಲ್ಲಿ ಆಲಿಸುತ್ತಾರೆ. ಕಳೆದ ವರ್ಷವೂ ಹಾಗೆಯೇ ಎದ್ದುನಿಂತು, ಗಂಟಲು ಸರಿಮಾಡಿಕೊಂಡು, "ಸನ್ಮಾನ್ಯರೇ, ಸಂಘದ ಸಾಧನೆಗಳನ್ನ ಈಗ ನೀವೇ ಕಣ್ಣಾರೆ ನೋಡಿ" ಎಂದು ಗುಂಡಿ ಒತ್ತಿದರು.

ನೋಡಿದೆವು. ಪರದೆಯ ಮೇಲೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಕಾರ್ಯದರ್ಶಿಗಳು. ಇದೇ ಕುರ್ಚಿಯಲ್ಲಿ. ನಿದ್ದೆಯಲ್ಲಿ. ಬಾಯಿ ತೆರೆದು. ಕೆಳಗೆ ದೊಡ್ಡ ಅಕ್ಷರದಲ್ಲಿ: 'ನೀರಿನ ಸಮಸ್ಯೆ ಕುರಿತು ಗಂಭೀರ ಚಿಂತನೆ.' ಮುಂದಿನ ಚಿತ್ರ, ಮುಂದಿನ ವರ್ಷ, ಅದೇ ಕುರ್ಚಿ, ಅದೇ ಬಾಯಿ: 'ಲಿಫ್ಟ್ ದುರಸ್ತಿಗೆ ಕಣ್ಣುಮುಚ್ಚಿ ಅನುಮೋದನೆ.' ಅದರ ಮುಂದೆ: 'ಸದಸ್ಯರ ದೂರುಗಳಿಗೆ ಬಾಯ್ತೆರೆದ ಉತ್ತರ.' ವರ್ಷದಿಂದ ವರ್ಷಕ್ಕೆ ಕೂದಲು ಹಿಂದೆ ಸರಿಯುತ್ತಿತ್ತು, ಹೊಟ್ಟೆ ಮುಂದೆ ಬರುತ್ತಿತ್ತು, ಬಾಯಿ ಮಾತ್ರ ಇದ್ದಲ್ಲೇ ಇತ್ತು. ಅವರಾದರೋ ಪರದೆಗೆ ಬೆನ್ನು ಮಾಡಿ ನಿಂತಿದ್ದರು. ಸಭೆಯ ನಗು ತಮ್ಮ ಭಾಷಣಕ್ಕೆ ಎಂದುಕೊಂಡು ಅವರೂ ನಕ್ಕರು. ಹಿಂತಿರುಗಿ ನೋಡಿದ ಮೇಲೆ ಹೋಗಿ ವೈರನ್ನೇ ಕಿತ್ತರು. ಪರದೆ ಕಪ್ಪಾಯಿತು.

ಕಪ್ಪು ಪರದೆಯ ಮುಂದೆ ನಿಂತು ಅವರು ನೇರವಾಗಿ ನನ್ನ ಕಡೆ ಬೆರಳು ಮಾಡಿದರು. "ಇದು ಅವರದೇ ಕೆಲಸ" ಎಂದರು.

ಯಾಕೆ ನಾನೇ? ಸಭಿಕರೇ, ಇದನ್ನು ಇನ್ ಬ್ರೀಫ್ ಹೇಳುತ್ತೇನೆ. ಮೆಟ್ಟಿಲ ಕೆಳಗೆ ನಮ್ಮದೊಂದು ಓದುವ ಕೋಣೆ ಇದೆ. ಹಿಂದೆ ಅಲ್ಲಿ ಮುರಿದ ಬಕೆಟ್ಟುಗಳಿದ್ದವು. ನಮ್ಮ ಮನೆಯವರು ಅವನ್ನು ಹೊರಗೆ ಹಾಕಿ, ಎರಡು ಬೀರು, ಒಂದು ಮೇಜು, ಆರು ಕುರ್ಚಿ ಸೇರಿಸಿ, ಅದಕ್ಕೆ ಕೋಣೆ ಎಂಬ ಹೆಸರು ಬರುವ ಹಾಗೆ ಮಾಡಿದರು. ಅವರು ತೀರಿಕೊಂಡ ಮೇಲೆ ಕೀಲಿ ನನ್ನ ಹತ್ತಿರ ಇದೆ. ಬೆಳಿಗ್ಗೆ ತೆರೆಯುತ್ತೇನೆ, ಪೇಪರು ಜೋಡಿಸುತ್ತೇನೆ, ಸಂಜೆ ಮುಚ್ಚುತ್ತೇನೆ. ದಿನದಲ್ಲಿ ನನಗಿರುವ ಕೆಲಸ ಅದೊಂದೇ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಯಾರನ್ನೂ ಕೂರಿಸುವುದಿಲ್ಲ ಎಂದು ನನ್ನ ಮೇಲೆ ಒಂದು ದೂರಿದೆ. ಆ ಕುರ್ಚಿಯ ಕಾಲು ಅಲುಗಾಡುತ್ತದೆ, ಅದಕ್ಕೆ ಕೂರಿಸುವುದಿಲ್ಲ, ಅಷ್ಟೇ. ಕಾರ್ಯದರ್ಶಿಗಳಿಗೆ ಆ ಕೋಣೆಯಲ್ಲಿ ನಿಂತಲ್ಲೇ ಓಡುವ ಯಂತ್ರ ಇಡಬೇಕು. "ಓದೋದರಿಂದ ಹೊಟ್ಟೆ ಕರಗುತ್ತೇನ್ರೀ?" ಎಂದು ಅವರು, "ನಿಂತಲ್ಲೇ ಓಡೋದು ನಿಮಗೆ ಹೊಸದೇನಲ್ಲವಲ್ಲ" ಎಂದು ನಾನು. ಅಂದಿನಿಂದ ನಮ್ಮಿಬ್ಬರ ಮಾತುಕತೆ ಮೂರನೆಯವರ ಮೂಲಕ, ಇಂಗ್ಲಿಷಿನಲ್ಲಿ ಹೇಳುವುದಾದರೆ ಇನ್‌ಡೈರೆಕ್ಟ್ ಸ್ಪೀಚಿನಲ್ಲಿ ನಡೆಯುತ್ತಿತ್ತು.

ಆದ್ದರಿಂದ ಸಮಿತಿ ಸೇರಿತು. ಅಪರಾಧ ನನ್ನದೆಂದು ಸಾಬೀತಾದರೆ ಕೀಲಿಯನ್ನು ಕಾರ್ಯದರ್ಶಿಗಳಿಗೆ ಒಪ್ಪಿಸಬೇಕು ಎಂದು ಠರಾವಾಯಿತು. ನಾನು ಜೇಬಿನೊಳಗೆ ಕೀಲಿಯನ್ನು ಹಿಡಿದುಕೊಂಡೇ ಒಪ್ಪಿದೆ. ನನ್ನ ಕೈ ಬೆವತಿದ್ದು ಸೆಕೆಗೆ.

ಕಾರ್ಯದರ್ಶಿಗಳು ಪೊಲೀಸ್ ಠಾಣೆಗೂ ಹೋಗಿ ಬಂದರು. ಅಲ್ಲಿನ ಅಧಿಕಾರಿ ಪೂರ್ತಿ ಕೇಳಿಸಿಕೊಂಡು, "ನಿದ್ದೆ ಮಾಡಿದ್ದು ನೀವೇ ತಾನೇ?" ಎಂದು ಒಂದೇ ಪ್ರಶ್ನೆ ಕೇಳಿ, ಬಾಗಿಲವರೆಗೆ ಬಂದು ಬೀಳ್ಕೊಟ್ಟರಂತೆ. ಆಗ ನಮಗೆ ನೆನಪಾದವರು ಈ ಮೇಡಂ. "ಇದು ನನ್ನ ಆಫೀಸಿನ ಕೆಲಸ ಅಲ್ಲ, ನೆರೆಹೊರೆಯ ಕೆಲಸ ಅಂತ ಭಾನುವಾರ ಮಾಡಿಕೊಡ್ತೀನಿ. ಆದರೆ ಏನು ಸಿಕ್ಕಿದರೂ ಎಲ್ಲರೂ ಒಪ್ಪಬೇಕು" ಎಂದರು. ಒಪ್ಪಿದೆವು. ಏನು ಸಿಗುತ್ತದೆಂದು ಗೊತ್ತಿಲ್ಲದವರು ಎಲ್ಲಕ್ಕೂ ಒಪ್ಪುತ್ತಾರೆ.

ಭಾನುವಾರ ಮೇಡಂ ಬರುವಷ್ಟರಲ್ಲಿ ಕಾರ್ಯದರ್ಶಿಗಳು ಸಾಕ್ಷ್ಯವನ್ನು ರಕ್ಷಿಸಿಟ್ಟಿದ್ದರು. ಸಂಘದ ಕಚೇರಿಯ ಸುತ್ತ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದರು. ಬೀರುವಿಗೆ ಎರಡು ಬೀಗ, ಬೀಗಕ್ಕೆ ಅರಗಿನ ಮುದ್ರೆ. "ಕಂಪ್ಯೂಟರನ್ನ ಒಂದು ನೊಣ ಕೂಡ ಮುಟ್ಟಿಲ್ಲ" ಎಂದು ಮುದ್ರೆ ಒಡೆದು ತೆಗೆದರು. ಒಳಗೆ ಹೊದಿಕೆ ಹೊದ್ದುಕೊಂಡು ಕುಳಿತಿತ್ತು ಕಂಪ್ಯೂಟರಿನ ಪರದೆ. ಬರೀ ಪರದೆ. ಮೇಡಂ ಅದನ್ನು ನೋಡಿದರು, ಕಾರ್ಯದರ್ಶಿಗಳನ್ನು ನೋಡಿದರು.

"ಸರ್, ಇದು ಮುಖ ಮಾತ್ರ. ತಲೆ ಎಲ್ಲಿ?"

ತಲೆ ಮೇಜಿನ ಕೆಳಗಿತ್ತು. ಆ ಕಪ್ಪು ಡಬ್ಬಿಯ ಮೇಲೆ ಸಮಿತಿಯ ಸದಸ್ಯರೆಲ್ಲ ಚಪ್ಪಲಿ ಬಿಟ್ಟಿದ್ದರು. ನಾನೂ ಬಿಟ್ಟಿದ್ದೆ. ಅಷ್ಟೇ ಅಲ್ಲ, ಬೆರಳಚ್ಚು ತೆಗೆಯುವಾಗ ಧೂಳಿದ್ದರೆ ಮೇಡಂಗೆ ಕಷ್ಟವಾದೀತೆಂದು ಅದನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದ್ದೆ. "ಸಾಕ್ಷ್ಯನಾಶ" ಎಂದು ಕಾರ್ಯದರ್ಶಿಗಳು ಅಧ್ಯಕ್ಷರಿಗೆ ಹೇಳಿದರು. "ಶುಚಿತ್ವ" ಎಂದು ನಾನು ಅಧ್ಯಕ್ಷರಿಗೆ ಹೇಳಿದೆ. ಮೇಡಂ ಇಬ್ಬರಿಗೂ ಹೇಳಿದರು: "ನನಗೆ ಬೇಕಾದ ಗುರುತು ಒಳಗಿರುತ್ತೆ. ದಯವಿಟ್ಟು ಚಪ್ಪಲಿ ತೆಗೀರಿ."

ಅವರು ಕೆಲಸ ಮಾಡುವ ರೀತಿಯನ್ನು ನಾನು ಹತ್ತಿರದಿಂದ ನೋಡಿದೆ. ಮೊದಲು ಮೂಲವನ್ನು ಮುಟ್ಟುವುದೇ ಇಲ್ಲ. ಅದರಲ್ಲಿ ಏನೂ ಬರೆದುಹೋಗದಂತೆ ನಡುವೆ ಒಂದು ಸಣ್ಣ ಪೆಟ್ಟಿಗೆ ಇಟ್ಟು, ಅದರ ತದ್ರೂಪು ಪ್ರತಿ ತೆಗೆದುಕೊಂಡು, ಹುಡುಕಾಟವನ್ನೆಲ್ಲ ಆ ಪ್ರತಿಯಲ್ಲಿ ಮಾಡುತ್ತಾರೆ. ಪ್ರತಿ ಸರಿಯಾಗಿದೆ ಎಂದು ಹೇಗೆ ಗೊತ್ತು? ಎರಡನ್ನೂ ಲೆಕ್ಕಕ್ಕೆ ಹಾಕಿದರೆ ಒಂದು ಉದ್ದದ ಅಂಕಿ ಬರುತ್ತದಂತೆ. ಎಲ್ಲೋ ಮೂಲೆಯಲ್ಲಿ ಒಂದು ಚುಕ್ಕಿ ಆಚೀಚೆಯಾದರೂ ಆ ಅಂಕಿ ಪೂರ್ತಿ ಬೇರೆಯಾಗುತ್ತದಂತೆ. "ಇದು ಆಶ್ಚರ್ಯ ಅಲ್ಲವಾ ಅಂಕಲ್?" ಎಂದರು. ನನಗೆ ಏನೂ ಆಶ್ಚರ್ಯವಾಗಲಿಲ್ಲ. ನಮ್ಮ ಮನೆಯವರು ಊರಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ಸಕ್ಕರೆ ಡಬ್ಬಿ ಮುಟ್ಟಿದ್ರಾ?" ಎನ್ನುತ್ತಿದ್ದರು. ಅಡುಗೆಮನೆ ಒಳಗಿತ್ತು. ಅಂಕಿಯೂ ಇಲ್ಲ, ಪೆಟ್ಟಿಗೆಯೂ ಇಲ್ಲ.

ಇನ್ನೊಂದು ವಿಷಯ ಹೇಳಿದರು. ನಾವು ಅಳಿಸಿದ್ದು ಕೂಡಲೇ ಅಳಿದುಹೋಗುವುದಿಲ್ಲ. ಆ ಜಾಗ ಖಾಲಿ ಎಂದು ಒಂದು ಚೀಟಿ ಅಂಟಿಸಿದಂತೆ, ಅಷ್ಟೇ. ಎಷ್ಟೋ ಸಲ ಬೇರೆಯದು ಬಂದು ಅಲ್ಲಿ ಕೂರುವವರೆಗೆ ಹಳೆಯದು ಅಲ್ಲೇ ಇರುತ್ತದೆ. "ಕೂರಗೊಡದಿದ್ದರೆ?" ಎಂದು ಕೇಳಿದೆ. "ಇದ್ದೇ ಇರುತ್ತೆ" ಎಂದರು. ಇದು ವೈಜ್ಞಾನಿಕವಾಗಿ ಬಹಳ ಉಪಯುಕ್ತ ಮಾಹಿತಿ. ಎಲ್ಲಿದ್ದೆ?

ಹಾಂ, ಫೋನು. "ನಿಮ್ಮಿಬ್ಬರ ಫೋನೂ ನೋಡಬೇಕು, ಆ ಫೋಟೋಗಳು ಅದರಲ್ಲಿ ಇವೆಯಾ ಅಂತ" ಎಂದರು ಮೇಡಂ. ಕಾರ್ಯದರ್ಶಿಗಳು ತಕ್ಷಣ ಕೊಟ್ಟರು. ನಾನು ಕೊಡುವುದಿಲ್ಲ ಎಂದೆ. "ನೋಡಿದ್ರಾ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು" ಎಂದರು ಕಾರ್ಯದರ್ಶಿಗಳು. ಅಧ್ಯಕ್ಷರು ಬುದ್ಧಿ ಹೇಳಿದರು. ನನ್ನ ಮಗಳು ದೂರದಿಂದ ಫೋನು ಮಾಡಿ, ಅದೇ ಫೋನಿಗೆ, "ಕೊಟ್ಟುಬಿಡಪ್ಪ, ಅದರಲ್ಲಿ ಅಂಥದ್ದೇನಿದೆ?" ಎಂದಳು. ಕಡೆಗೆ ಮೇಡಂ ತಾವೇ ಮನೆಗೆ ಬಂದರು. ಚಹಾ ಕೊಟ್ಟೆ. ಸಕ್ಕರೆ ಹಾಕಲು ಮರೆತಿದ್ದೆ, ಪಾಪ ಕುಡಿದರು. ಟೀವಿಯ ಕಡೆ ಎರಡು ಸಲ ನೋಡಿದರು. ಟೀವಿ ಬಂದ್ ಆಗಿತ್ತು. ಆಮೇಲೆ, "ನಿಮಗೆ ಸಂಬಂಧಪಟ್ಟಿದ್ದನ್ನ ಬೇಕಾದರೆ ಮಾತ್ರ ಹೇಳ್ತೀನಿ ಅಂಕಲ್" ಎಂದು ಕೈಚಾಚಿದರು. ಮಗಳ ವಯಸ್ಸಿನವರು. ಕೊಟ್ಟೆ.

ಮುಂದಿನ ಭಾನುವಾರ ತೀರ್ಪು. ಇದೇ ಹಾಲು, ಇದೇ ಪರದೆ.

ಮೇಡಂ ಮೊದಲು ಹೇಳಿದ್ದು ಇದು. ಸಂಘದ ಕಂಪ್ಯೂಟರಿನಲ್ಲಿ ಎರಡು ಫೈಲುಗಳಿವೆ. ಒಂದರ ಹೆಸರು 'ವಾರ್ಷಿಕ ವರದಿ'. ಇನ್ನೊಂದರ ಹೆಸರು 'ವಾರ್ಷಿಕ ವರದಿ ಹೊಸದು'. "ಸರ್, ಪ್ರತಿವರ್ಷ ನೀವು ತೆರೆದಿರೋದು ಮೊದಲನೇದು. ಅದರಲ್ಲಿ ಇಸವಿ ಒಂದು ಬಿಟ್ಟು ಬೇರೇನೂ ಬದಲಾಗಿಲ್ಲ."

ಸಭೆ ಕಾರ್ಯದರ್ಶಿಗಳ ಕಡೆ ತಿರುಗಿತು. ಲಿಫ್ಟಿನ ಹಗ್ಗ 'ಮುಂದಿನ ತಿಂಗಳು' ಬದಲಾಗುತ್ತದೆಂದು ನಾವು ಯಾಕೆ ವರ್ಷವರ್ಷವೂ ಚಪ್ಪಾಳೆ ತಟ್ಟುತ್ತಿದ್ದೆವು ಎಂದು ಅಂದು ತಿಳಿಯಿತು. "ಸಾಧನೆ ಅಂದಮೇಲೆ ಒಂದು ಸ್ಥಿರತೆ ಇರಬೇಕಲ್ಲವಾ" ಎಂದರು ಕಾರ್ಯದರ್ಶಿಗಳು. ಕಳೆದ ವರ್ಷ ಮಾತ್ರ ಅಧ್ಯಕ್ಷರು, "ಈ ಸಲವಾದರೂ ಹೊಸದು ಓದಿ ಮಾರಾಯರೇ" ಎಂದಿದ್ದರು. ಅವರು ವಿಧೇಯರಾಗಿ 'ಹೊಸದು' ಎಂಬುದನ್ನು ಒತ್ತಿದರು. ಅದರೊಳಗೆ ಅವರೇ ಮಲಗಿದ್ದರು.

"ಆ ಹೊಸದನ್ನ ಮಾಡಿಟ್ಟವರು ಯಾರು? ಅದು ಬೇಕಲ್ಲ" ಎಂದರು ಕಾರ್ಯದರ್ಶಿಗಳು.

"ಅದು ಮಾಡಿ ವರ್ಷಗಳೇ ಆಗಿವೆ ಸರ್. ಆಮೇಲೆ ಆ ಸಭೆಯವರೆಗೆ ಯಾರೂ ತೆರೆದಿಲ್ಲ. ಎಲ್ಲರೂ ಸಂಘ ಅನ್ನೋ ಒಂದೇ ಹೆಸರಲ್ಲಿ ಕಂಪ್ಯೂಟರು ಬಳಸೋದರಿಂದ ಯಾರು ಅಂತ ಅಲ್ಲಿ ಗೊತ್ತಾಗಲ್ಲ. ಆದರೆ ಫೋಟೋ ಒಳಗೆ ಕ್ಯಾಮರಾ ಒಂದು ಗುರುತು ಬಿಟ್ಟಿರುತ್ತೆ. ಯಾವ ಕ್ಯಾಮರಾ, ಯಾವ ದಿನ, ಯಾವ ಹೊತ್ತು." ಮೇಡಂ ಸಭೆಯ ಕಡೆ ತಿರುಗಿದರು. "ವಿಚಿತ್ರ ಏನಂದರೆ, ಸರ್ ಕೂದಲು ನೋಡಿದರೆ ಇವು ಹತ್ತಾರು ವರ್ಷದ ಫೋಟೋಗಳು. ಕ್ಯಾಮರಾ ಪ್ರಕಾರ ಎಲ್ಲವೂ ಒಂದೇ ದಿನದವು. ಒಂದೇ ಹೊಸವರ್ಷದ ಮೊದಲ ದಿನ, ಮೊದಲ ಗಂಟೆ. ಆಗ ಈ ಕಟ್ಟಡ ಕಟ್ಟೇ ಇರಲಿಲ್ಲ."

ಅಂದರೆ ಕಟ್ಟಡಕ್ಕೆ ಪಾಯ ತೋಡುವ ಮೊದಲೇ ಕಾರ್ಯದರ್ಶಿಗಳು ಅದರೊಳಗೆ ಮಲಗಿದ್ದರು. ಸಭೆ ನಕ್ಕಿತು. ಮೇಡಂ ನಗಲಿಲ್ಲ. "ಬ್ಯಾಟರಿ ತೆಗೆದು ತುಂಬ ದಿನ ಇಟ್ಟರೆ ಈ ಕ್ಯಾಮರಾದ ಗಡಿಯಾರ ಮರೆತುಹೋಗುತ್ತೆ. ಹಾಕಿದಾಗ ಮತ್ತೆ ಹುಟ್ಟಿದ ದಿನದಿಂದ ಶುರುಮಾಡುತ್ತೆ. ಯಾರೋ ಪ್ರತಿಸಲ ಕೆಲಸ ಆದ ಕೂಡಲೇ ಬ್ಯಾಟರಿ ತೆಗೆದಿಡ್ತಿದ್ದರು. ಅಂಥವರು ಯಾರು ಅಂತ ಇಲ್ಲಿ ಯಾರಿಗಾದರೂ ಗೊತ್ತಾ?"

ಸಭಿಕರೇ, ಒಂದು ಮಾತು ಕೇಳುತ್ತೇನೆ. ಟಾರ್ಚು ಬಳಸಿದ ಮೇಲೆ ಬ್ಯಾಟರಿ ತೆಗೆದಿಡುವವರನ್ನು ನೀವು ನೋಡಿರಬಹುದು. ಟೀವಿ ನೋಡಿ ಮುಗಿದ ಮೇಲೆ ದಿನವೂ ರಿಮೋಟಿನ ಬ್ಯಾಟರಿ ತೆಗೆದು ಪಕ್ಕದಲ್ಲಿ ಮಲಗಿಸುವವರನ್ನು ನೋಡಿದ್ದೀರಾ? "ಸುಮ್ಮನೆ ಒಳಗಿದ್ದರೆ ಸವೆಯುತ್ತೇರೀ" ಎನ್ನುವವರನ್ನು? ಚಾನೆಲ್ ಬದಲಿಸಬೇಕೆಂದರೆ ನಾನು ಬ್ಯಾಟರಿಗೆ ಅರ್ಜಿ ಹಾಕಿಕೊಳ್ಳಬೇಕಿತ್ತು. ಸಭೆಯ ಫೋಟೋ ತೆಗೆಯುತ್ತಿದ್ದವರೂ ಅವರೇ, ತರಗತಿಗೆ ಹೋಗಿ ಕಂಪ್ಯೂಟರು ಕಲಿತು ಸಂಘದ ವರದಿಯನ್ನು ಮೊಟ್ಟಮೊದಲು ಟೈಪ್ ಮಾಡಿಕೊಟ್ಟವರೂ ಅವರೇ. ಕಾರ್ಯದರ್ಶಿಗಳು ಹಳೆಯದನ್ನೇ ಓದುತ್ತಾರೆ, 'ಹೊಸದು' ಎಂದಿದ್ದನ್ನು ಮುಟ್ಟುವುದಿಲ್ಲ ಎಂದು ಲೋಕದಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಬಚ್ಚಿಡಲು ಆ ಹೆಸರಿಗಿಂತ ಭದ್ರವಾದ ಬೀರು ಯಾವುದು?

ನನಗೆ ಆ ಕ್ಷಣವೇ ಎಲ್ಲ ತಿಳಿಯಿತು. ತೀರಿಹೋದವರ ಹೆಸರನ್ನು ಠರಾವಿನಲ್ಲಿ ಅಪರಾಧಿಯೆಂದು ಬರೆಸುವುದೇ? ಕಾಲೇಜಿನಲ್ಲಿ ಪ್ಯಾಸಿವ್ ವಾಯ್ಸ್ ಎಂದು ಒಂದು ಕಲಿಸಿದ್ದರು. 'ದಿ ಫೋಟೋಸ್ ವರ್ ಟೇಕನ್' ಎಂದರೆ ಸಾಕು, ಯಾರೆಂದು ಹೇಳಬೇಕಾಗಿಲ್ಲ. ಎದ್ದುನಿಂತು ಅದನ್ನೇ ಹೇಳಹೊರಟೆ. ಬಾಯಿಂದ ಬಂದದ್ದು ಬೇರೆ.

"ನಾನೇ ಮಾಡಿದ್ದು" ಎಂದೆ. ಕೀಲಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ.

ಗೆದ್ದ ಕಾರ್ಯದರ್ಶಿಗಳು ಯಾಕೋ ಕೀಲಿಯನ್ನು ತೆಗೆದುಕೊಳ್ಳಲಿಲ್ಲ. ಮೇಡಂ ಮೆಲ್ಲಗೆ ಹೇಳಿದರು: "ಅಂಕಲ್, ಅದು ಸಾಧ್ಯ ಇಲ್ಲ. ಕ್ಷಮಿಸಿ, ಈಗ ನಿಮ್ಮ ಫೋನಿನ ವಿಷಯ ಹೇಳಲೇಬೇಕು." ನಾನು ಬೇಡ ಎನ್ನುವಷ್ಟರಲ್ಲಿ ಓದಿಯೇಬಿಟ್ಟರು. ಈ ಸಂಘದ ಇತಿಹಾಸದಲ್ಲಿ ತಪ್ಪೊಪ್ಪಿಕೊಂಡು ಸಾಕ್ಷ್ಯಾಧಾರದ ಕೊರತೆಯಿಂದ ಬಿಡುಗಡೆಯಾದವನು ನಾನೊಬ್ಬನೇ.

ಅದರ ಹಿಂದಿನ ತಿಂಗಳು ನಾನು ಫೋನಿನಲ್ಲಿ ಹುಡುಕಿದ್ದು: 'ಫೈಲ್ ಎಂದರೇನು'. ಅದಾದ ಮೇಲೆ: 'ಮೌಸಿನ ಬಲಗಡೆ ಒತ್ತಿದರೆ ಅಪಾಯವೇ'. "ಇವರು ಸ್ಲೈಡ್ ಮಾಡೋದಿರಲಿ, ಮುಚ್ಚೋದೂ ಬರಲ್ಲ" ಎಂದರು ಮೇಡಂ. ನನ್ನ ಮಾನ ಉಳಿಯಿತೋ ಹೋಯಿತೋ ಇಂದಿಗೂ ಗೊತ್ತಾಗಿಲ್ಲ. ಅವರು ಅಷ್ಟಕ್ಕೇ ನಿಲ್ಲಿಸಿದ್ದರು. ಆದರೆ ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಪಕ್ಕದಿಂದ ಇಣುಕಿ ಉಳಿದದ್ದನ್ನೂ ಗಟ್ಟಿಯಾಗಿ ಓದಿದರು. 'ಅನ್ನ ತಳ ಹಿಡಿದರೆ ಮೇಲಿನದು ತಿನ್ನಬಹುದೇ'. 'ಒಬ್ಬರಿಗೆ ಎಷ್ಟು ಅಕ್ಕಿ'. 'ದಿಂಬಿನ ಚೀಲ ಒಗೆದರೆ ಹಳೆಯ ವಾಸನೆ ಹೋಗುತ್ತದೆಯೇ'. 'ದಿಂಬಿನ ಚೀಲ ಒಗೆಯದಿದ್ದರೆ ಏನಾಗುತ್ತದೆ'. 'ರಿಮೋಟಿನ ಬ್ಯಾಟರಿ ದಿನವೂ ತೆಗೆಯಬೇಕೇ'.

ಕೊನೆಯ ಪ್ರಶ್ನೆಗೆ ಫೋನು 'ಬೇಕಾಗಿಲ್ಲ' ಎಂದು ಉತ್ತರ ಕೊಟ್ಟಿತ್ತು. ಆದರೆ ಮೇಡಂ ಚಹಾಕ್ಕೆ ಬಂದ ದಿನ ನಮ್ಮ ರಿಮೋಟು ಬಾಯಿ ಬಿಟ್ಟುಕೊಂಡು ಟೀವಿಯ ಪಕ್ಕದಲ್ಲಿತ್ತು, ಬ್ಯಾಟರಿಗಳು ಅದರ ಮಗ್ಗುಲಲ್ಲಿ ಮಲಗಿದ್ದವು. ಅವರಿಗೆ ಅಂದೇ ಗೊತ್ತಾಗಿತ್ತು. ನಾನಾಗಿ ಹೇಳಲಿ ಎಂದು ಕಾದಿದ್ದರು. ಇದು ಯಾವ ಲ್ಯಾಬಿನಲ್ಲಿ ಕಲಿಸುತ್ತಾರೋ ನನಗೆ ತಿಳಿಯದು. ಇವತ್ತಿನ ಸನ್ಮಾನ, ನನ್ನ ಮಟ್ಟಿಗೆ, ಅದಕ್ಕೆ.

ಅದಿರಲಿ. ಆಮೇಲೆ ಮೇಡಂ ಕೇಳಿದರು: "ಅವತ್ತು ಸಭೆಯಲ್ಲಿ ಸರ್ ವೈರು ಕಿತ್ತಾಗ ಇನ್ನೂ ಒಂದು ಫೋಟೋ ಬಾಕಿ ಇತ್ತು. ತೋರಿಸಲಾ?"

ಕಾರ್ಯದರ್ಶಿಗಳು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಬಹಳ ವರ್ಷಗಳ ಮೇಲೆ ಡೈರೆಕ್ಟ್ ಸ್ಪೀಚಿನಲ್ಲಿ ಕೇಳಿದರು: "ಏನ್ರೀ, ತೋರಿಸಲಿ ಅಂತೀರಾ?" "ತೋರಿಸಲಿ ಬಿಡಿ" ಎಂದೆ.

ಪರದೆಯ ಮೇಲೆ ಇದೇ ವೇದಿಕೆ. ಕಾರ್ಯದರ್ಶಿಗಳು ನಿದ್ದೆಯಲ್ಲಿ, ಬಾಯಿ ತೆರೆದು. ಅವರ ಭುಜದ ಮೇಲೆ ಒಂದು ತಲೆ. ಅದರ ಬಾಯಿ ಇವರದಕ್ಕಿಂತ ಒಂದು ಬೆರಳು ಹೆಚ್ಚೇ ತೆರೆದಿತ್ತು. ಆ ತಲೆ ನನ್ನದು. ಕೆಳಗೆ ಬರೆದಿತ್ತು: 'ಇವರಿಬ್ಬರನ್ನು ದಯವಿಟ್ಟು ಯಾರೂ ಎಬ್ಬಿಸಬೇಡಿ. ಎದ್ದರೆ ಜಗಳ ಆಡ್ತಾರೆ.'

ಕಾರ್ಯದರ್ಶಿಗಳು ಬಹಳ ಹೊತ್ತು ನೋಡಿದರು. ನನ್ನ ಮೇಲೆ ಎಷ್ಟೇ ಕೋಪವಿದ್ದರೂ ಅವರು ನಮ್ಮ ಮನೆಯವರನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. "ಅತ್ತಿಗೆ ನನ್ನ ಹೊಟ್ಟೆ ಬರದ ಹಾಗೆ ತೆಗೀಬಹುದಿತ್ತು" ಎಂದರು. ಮೇಜಿನ ಮೇಲಿದ್ದ ಕೀಲಿಯನ್ನು ಎತ್ತಿ, ನನ್ನ ಜೇಬಿಗೆ ತಾವೇ ಹಾಕಿ, ಮೂಗೊರೆಸಿಕೊಂಡು ಹೊರಟರು. ಮರುದಿನದಿಂದ ಬೆಳಿಗ್ಗೆ ಓದುವ ಕೋಣೆಗೆ ಪೇಪರು ಓದಲು ಬರುತ್ತಾರೆ. ಪೇಪರು ಮುಖದ ಮೇಲಿರುತ್ತದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮಾತ್ರ ಅವರೂ ಕೂರುವುದಿಲ್ಲ. ಕಾಲು ಅಲುಗಾಡುತ್ತದೆಯಲ್ಲ.

ಆ ಫೈಲನ್ನು ಅಳಿಸಬೇಕೇ ಎಂದು ಮೇಡಂ ಕೇಳಿದಾಗ ಸಮಿತಿ ಒಮ್ಮತದಿಂದ ಬೇಡ ಎಂದಿತು. ಪ್ರಸ್ತಾವನೆ ಮಂಡಿಸಿದವರು ಕಾರ್ಯದರ್ಶಿಗಳು, ಅನುಮೋದಿಸಿದವನು ನಾನು.

ಅಧ್ಯಕ್ಷರು ನನ್ನ ಅಂಗಿಯ ತುದಿ ಎಳೆಯುತ್ತಿದ್ದಾರೆ. ಮೇಷ್ಟ್ರು ಹೇಳಿದ ಆ ಮೂರನೆಯದು ಇದೇ ಇರಬೇಕು. ಮೇಡಂ, ನಿಮಗೆ ಈ ಕಟ್ಟಡದ ಪರವಾಗಿ, ನನ್ನ ಪರವಾಗಿ, ಇಲ್ಲಿ ಬರಲಾಗದ ಇನ್ನೊಬ್ಬರ ಪರವಾಗಿ ಕೃತಜ್ಞತೆಗಳು. ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ವಂದನೆಗಳು.

ಒಂದೇ ಒಂದು ವಿನಂತಿ. ಈಗ ನೀವು ಚಪ್ಪಾಳೆ ತಟ್ಟುತ್ತೀರಿ. ದಯವಿಟ್ಟು ಮೆಲ್ಲಗೆ ತಟ್ಟಿ. ಬಲಗಡೆ ಕಾರ್ಯದರ್ಶಿಗಳಿಗೆ ಆಗಲೇ ನಿದ್ದೆ ಹತ್ತಿದೆ. ಅವರ ಪಕ್ಕದ ಕುರ್ಚಿ ಖಾಲಿ ಇದೆ, ನಾನೂ ಹೋಗಿ ಕೂರುತ್ತೇನೆ. ಯಾರಾದರೂ ಫೋಟೋ ತೆಗೆದರೆ ಅಭ್ಯಂತರವಿಲ್ಲ. ತೆಗೆದಾದ ಮೇಲೆ ಬ್ಯಾಟರಿ ತೆಗೆದಿಡಿ, ಸುಮ್ಮನೆ ಸವೆಯುತ್ತದೆ.

ನಮಸ್ಕಾರ.